ಪುಸ್ತಕದಾಗ ನಮ್ಮನಿ

ನನ್ನ ವಿಜ್ಞಾನದ ಪುಸ್ತಕಕ್ಕೆ ರಟ್ಟು ಇರಲಿಲ್ಲ. ಬರೆದವರು ಯಾರು, ಅಚ್ಚು ಹಾಕಿದವರು ಯಾರು ಎಂದು ತಿಳಿಸುವ ಮೊದಲ ಹಾಳೆಗಳೂ ಇರಲಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮೂಟೆ ಹೊರುತ್ತಿದ್ದ ನಮ್ಮ ಸೋದರಮಾವ ಓಬಳೇಶ ಅದನ್ನು ರದ್ದಿ ಅಂಗಡಿಯಲ್ಲಿ ಆರಿಸಿ ತಂದಿದ್ದ. ಹಾಗಾಗಿ ಆ ಪುಸ್ತಕದ ಮೇಲೆ ಸಿಟ್ಟು ಬಂದಾಗ ಯಾರನ್ನು ಬೈಯಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಹೆಸರಿಲ್ಲದವರನ್ನು ಬೈದರೆ ನಮ್ಮ ಬಾಯಿಗೇ ನೋವು.

ಬೈಯಲು ಕಾರಣಗಳೇನೂ ಕಡಿಮೆ ಇರಲಿಲ್ಲ. ಎಂಬತ್ತರ ಹಿಂದುಮುಂದಿನ ಮಾತು ಇದು. ನಾನು ಸಿರುಗುಪ್ಪದಲ್ಲಿ ಏಳನೇ ಕ್ಲಾಸು. ‘ಹಿಮ ಬೀಳುವಾಗ ನಾವು ಉಣ್ಣೆಯ ಬಟ್ಟೆ ಧರಿಸುತ್ತೇವೆ’ ಎನ್ನುತ್ತಿತ್ತು ಪುಸ್ತಕ. ನಮ್ಮೂರ ಬಿಸಿಲಿಗೆ ಮೈಮೇಲಿನ ಹತ್ತಿ ಲಂಗವೇ ಹೆಚ್ಚಾಗುತ್ತಿತ್ತು. ‘ದಿನವೂ ಒಂದು ಸೇಬು ತಿನ್ನಬೇಕು’ ಎಂದೂ ಹೇಳುತ್ತಿತ್ತು. ಸೇಬನ್ನು ನಾನು ಮೊದಲು ನೋಡಿದ್ದೇ ಆ ಪುಟದಲ್ಲಿ. ಅಚ್ಚಿನಲ್ಲಿ ಅದು ಕಪ್ಪಗಿತ್ತು. ಬಹಳ ದಿನ ಸೇಬು ಕಪ್ಪು ಹಣ್ಣು ಎಂದೇ ನಂಬಿದ್ದೆ.

ಪಾಠ ಮಾಡುತ್ತಿದ್ದವರು ಎರ್ರಿಸ್ವಾಮಿ ಮೇಷ್ಟ್ರು. ದಿನಾ ಕುರುಗೋಡಿನಿಂದ ಬಸ್ಸಿಗೆ ಬರುತ್ತಿದ್ದರು. ಬಸ್ಸು ತಡವಾದರೆ ವಿಜ್ಞಾನವೂ ತಡ. ಅವರ ಹತ್ತಿರ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಇತ್ತು.

“ಸಾರ್, ಗಾಳಿ ಕಣ್ಣಿಗೆ ಕಾಣಂಗಿಲ್ಲ. ಅದಕ್ಕ ತೂಕ ಐತಿ ಅಂತ ಹೆಂಗ ಗೊತ್ತಾತ್ರಿ?”

“ಪುಸ್ತಕದಾಗ ಐತಿ. ಬರ್ಕೋ.”

ಪ್ರತಿ ಪಾಠದ ಕೊನೆಗೆ ‘ಮಾಡಿ ನೋಡಿ’ ಎಂಬ ಭಾಗ ಇರುತ್ತಿತ್ತು. ಅದು ಬಂದಾಗ ಮೇಷ್ಟ್ರು, “ಇದು ಪರೀಕ್ಷಿಗೆ ಬರಂಗಿಲ್ಲ, ಹೊಡದು ಹಾಕ್ರಿ” ಎನ್ನುತ್ತಿದ್ದರು. ನನಗೆ ಆ ಕೆಲಸವೂ ಇರಲಿಲ್ಲ. ನನ್ನ ಪುಸ್ತಕ ಮೊದಲು ಓದಿದ ಬಳ್ಳಾರಿಯ ಯಾರೋ ಆಗಲೇ ಎಲ್ಲ ‘ಮಾಡಿ ನೋಡಿ’ಗಳಿಗೂ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ಬಿಟ್ಟಿದ್ದರು. ಮಾಡುವುದೂ ಬೇಡ, ನೋಡುವುದೂ ಬೇಡ ಎಂಬುದು ಜಿಲ್ಲೆಗೆಲ್ಲ ಒಂದೇ ಕಾನೂನು ಅಂತ ಕಾಣುತ್ತದೆ.

ಮೇಷ್ಟ್ರು ಕೆಟ್ಟವರಲ್ಲ. ಬೇರೆ ಹುಡುಗರ ಕಿವಿ ಹಿಂಡುತ್ತಿದ್ದರು. ಕೇರಿಯಿಂದ ಹೋಗುತ್ತಿದ್ದ ನಮ್ಮ ಕಿವಿ ಒಂದು ದಿನವೂ ಹಿಂಡಲಿಲ್ಲ. ಕಿವಿ ಹಿಂಡಬೇಕೆಂದರೆ ಮುಟ್ಟಬೇಕಲ್ಲ.

ನನಗೆ ಮೈ ಉರಿದದ್ದು ‘ರೋಗಗಳು ಮತ್ತು ನೈರ್ಮಲ್ಯ’ ಎಂಬ ಪಾಠಕ್ಕೆ. ಅಲ್ಲಿ ಅಕ್ಕಪಕ್ಕ ಎರಡು ಚಿತ್ರ ಇದ್ದವು. ಒಂದು ಶುಚಿಯಾದ ಮನೆ. ಹೆಂಚು, ತುಳಸಿಕಟ್ಟೆ, ಕುರ್ಚಿಯಲ್ಲಿ ಕುಳಿತು ಪೇಪರ್ ಓದುವ ಅಪ್ಪ. ಇನ್ನೊಂದು ನಮ್ಮ ಮನೆ. ತಮಾಷೆಗೆ ಹೇಳುತ್ತಿಲ್ಲ, ನಮ್ಮದೇ ಮನೆ. ಬಾಗಿದ ಗುಡಿಸಲು, ಬಾಗಿಲಲ್ಲಿ ಹಗ್ಗದ ಮಂಚ, ಮುಂದೆ ಕಪ್ಪು ನೀರಿನ ಮಡು, ಮಡುವಿನಲ್ಲಿ ಹಂದಿ, ತಲೆ ಕೆದರಿಕೊಂಡು ನಿಂತ ಹೆಂಗಸು. ಹಂದಿ ಕೂಡ ನಮ್ಮ ಕಡೆ ಅಡ್ಡಾಡುವ ಚಿನ್ನಪ್ಪನ ಹಂದಿಯ ಹಾಗೇ ಇತ್ತು. ಕೆಳಗೆ ಹೀಗೆ ಅಚ್ಚಾಗಿತ್ತು: ‘ಅಶುಚಿಯಾದ ಮನೆ. ಇಂತಹ ಜನರಿಗೆ ಶುಚಿತ್ವದ ಅರಿವಿಲ್ಲ. ಇವರ ಸೋಮಾರಿತನದಿಂದ ಊರಿಗೆ ರೋಗ ಹರಡುತ್ತದೆ.’

ಸೋಮಾರಿತನ. ಇದನ್ನು ಬರೆದ ಪುಣ್ಯಾತ್ಮ ನನ್ನ ಅವ್ವ ಗಂಗಕ್ಕನ ಕಾಲು ನೋಡಿರಲಿಲ್ಲ. ಅವಳು ಮರಿಬಸಪ್ಪ ಸಾವ್ಕಾರನ ಅಕ್ಕಿ ಮಿಲ್ಲಿನಲ್ಲಿ ಕೂಲಿ. ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುವ ಮಿಲ್ಲು ಅದು. ಬೇಯಿಸಿದ ಭತ್ತವನ್ನು ಬಿಸಿಲಿಗೆ ಹರಡಿ ದಿನವಿಡೀ ಕಾಲಲ್ಲಿ ಗೆರೆ ಎಳೆದು ತಿರುವಬೇಕು. ಕೆಳಗೆ ಸಿಮೆಂಟು ಕಾದಿರುತ್ತದೆ, ಮೇಲೆ ಸೂರ್ಯ. ಅವ್ವನ ಅಂಗಾಲಿನ ಬಿರುಕಿನಲ್ಲಿ ಭತ್ತದ ಕಾಳು ಸಿಕ್ಕಿಕೊಳ್ಳುತ್ತಿದ್ದವು. ಸಂಜೆ ನಾನು ಸೂಜಿಯಿಂದ ಅವನ್ನು ತೆಗೆಯುತ್ತಿದ್ದೆ. “ಮೆಲ್ಲಕ ತೆಗಿಯೇ, ಸಾವ್ಕಾರ್ರ ನೆಲ್ಲು ಅದು, ಲೆಕ್ಕ ಕೇಳ್ಯಾರು” ಎಂದು ಅವಳೇ ನಗುತ್ತಿದ್ದಳು.

ಅದಕ್ಕಿಂತ ಹೊಲಸು ಕೆಲಸ ಇನ್ನೊಂದಿತ್ತು. ನೆನೆಸಿದ ನೀರನ್ನು ಬಿಡುವುದು. ದಿನಗಟ್ಟಲೆ ಭತ್ತ ನೆಂದ ನೀರು ಹುಳಿತು ನಾರುತ್ತದೆ. ತೊಟ್ಟಿಯ ಬುಡದಲ್ಲಿ ಒಂದು ಗುಂಡಿ. ಅದರೊಳಗೆ ಇಳಿದು, ಗೋಣಿ ಸುತ್ತಿದ ಮರದ ಬಿರಡೆಯನ್ನು ಎರಡೂ ಕೈಯಲ್ಲಿ ಕೀಳಬೇಕು. ನೀರು ಎದೆಗೆ ಹಾರುತ್ತದೆ. ಆ ಗುಂಡಿಗೆ ಬೇರೆ ಯಾರೂ ಇಳಿಯುತ್ತಿರಲಿಲ್ಲ, ಕೇರಿಯವರೇ ಇಳಿಯಬೇಕು ಎಂಬ ವಾಡಿಕೆ. ಹಾಗಾಗಿ ಅವ್ವ ಇಳಿಯುತ್ತಿದ್ದಳು. ಆ ನೀರು ಮಿಲ್ಲಿನ ಹಿಂಗೋಡೆಯ ಕೊಳವೆಯಿಂದ ನಮ್ಮ ಕೇರಿಗೆ ಹರಿದು ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. ಅವ್ವ ಕೂಲಿ ಮುಗಿಸಿ ಮನೆ ಮುಟ್ಟುವ ಮೊದಲೇ ಅವಳು ಬಿಟ್ಟ ನೀರು ಮನೆ ಮುಟ್ಟಿರುತ್ತಿತ್ತು.

ಒಮ್ಮೆ ಕೇರಿಯವರು ಹೋಗಿ ಕೇಳಿದ್ದರಂತೆ. “ನೀರು ತಗ್ಗಿಗೆ ಹರೀತೈತಿ. ಅದಕ್ಕ ನಾ ಏನ್ ಮಾಡ್ಲಿ?” ಎಂದಿದ್ದನಂತೆ ಸಾವ್ಕಾರ. ಇದು ಮಾತ್ರ ಸರಿಯಾದ ವಿಜ್ಞಾನ.

ಇಷ್ಟಾದರೂ ಆ ಚಿತ್ರವನ್ನು ನಾನು ಅವ್ವನಿಗೆ ತೋರಿಸುವವಳಲ್ಲ. ಅವಳೇ ನೋಡಿಬಿಟ್ಟಳು. ದೀಪದ ಮುಂದೆ ಪುಸ್ತಕ ತೆರೆದಿತ್ತು. ಬಗ್ಗಿ ನೋಡಿದವಳು ಹಾಗೇ ನಿಂತಳು.

“ಲೇ ದುರುಗಿ! ಇದು ನಮ್ಮನಿ ಅಲ್ಲೇನ? ಮಂಚ ನೋಡು, ಹಂದಿ ನೋಡು. ಅಯ್ಯ, ಇಕಿ ನಾನ!”

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಪುಸ್ತಕದಲ್ಲಿ ರಾಜರು ಬರುತ್ತಾರೆ, ದೇವರು ಬರುತ್ತಾರೆ. ಈಗ ಗಂಗಕ್ಕ ಬಂದಿದ್ದಳು.

“ಕೆಳಗ ಏನ್ ಬರದಾರ?”

“ಮನಿ ಅಂತ ಬರದಾರ” ಎಂದೆ.

“ಇಷ್ಟ್ ಉದ್ದ?”

“ದೊಡ್ಡ ಸಾಲಿ ಪುಸ್ತಕ ಅಲ್ಲೇನವ್ವಾ. ಉದ್ದ ಬರೀತಾರ.”

ಮರುದಿನದಿಂದ ಮಿಲ್ಲಿನ ಹೆಂಗಸರಿಗೆಲ್ಲ ಇದೇ ಸುದ್ದಿ. ಗಂಗಕ್ಕನ ಮನೆ ಸರ್ಕಾರದ ಪುಸ್ತಕದಲ್ಲಿ ಬಂದಿದೆ. ಪಕ್ಕದ ಮನೆಯ ಉಚ್ಚೆಂಗೆಮ್ಮ ಮುದುಕಿ, “ನನ್ನ ಯಾಕ ಬಿಟ್ಟಾರ?” ಎಂದು ಮುನಿಸಿಕೊಂಡಳು. ನಾನು ಆ ಪುಟದ ಮೂಲೆಗೆ ಅನ್ನದ ಅಗುಳು ಹಚ್ಚಿ ಮುಂದಿನ ಪುಟಕ್ಕೆ ಅಂಟಿಸಿದೆ. ಅದು ಅಂಟಿ ಎಲ್ಲವೂ ಮುಗಿದುಹೋಗಲಿ, ಅವ್ವನಿಗೆ ಆ ಸಾಲು ಎಂದೂ ತಿಳಿಯದಿರಲಿ ಎಂಬುದೊಂದೇ ನನ್ನ ಆಸೆ.

ಎಲ್ಲಿ ಮುಗಿಯುತ್ತದೆ? ಇನ್‌ಸ್ಪೆಕ್ಟರ್ ಒಬ್ಬರು ಬಂದು, ‘ವಿಜ್ಞಾನವನ್ನು ಬರೀ ಬಾಯಿಪಾಠ ಮಾಡಿಸುತ್ತಿದ್ದೀರಿ, ಮಕ್ಕಳನ್ನು ಹೊರಗೆ ಕರೆದೊಯ್ದು ತೋರಿಸಿ’ ಎಂದು ಮೇಷ್ಟ್ರಿಗೆ ಮುಖಕ್ಕೆ ಹೊಡೆದಂತೆ ಹೇಳಿ ಹೋದರು. ಮೇಷ್ಟ್ರು ಯೋಚಿಸಿದರು. ಎರಡು ಮನೆಯ ಪಾಠ ನಡೆಯುತ್ತಿತ್ತು. ಶುಚಿಯಾದ ಮನೆಗೆ ಇಷ್ಟು ಹುಡುಗರನ್ನು ಕರೆದೊಯ್ದರೆ ಯಾರು ಒಳಗೆ ಬಿಡುತ್ತಾರೆ? ಅಶುಚಿಯಾದ ಮನೆಗೆ ಯಾರ ಅಪ್ಪಣೆಯೂ ಬೇಡ.

“ನಾಳಿ ಎಲ್ಲಾರೂ ಕೇರಿಗೆ ಹೋಗೂನು. ಪುಸ್ತಕದಾಗಿನ ಚಿತ್ರ ಕಣ್ಣಾರೆ ನೋಡ್ರಂತ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ದುರುಗಮ್ಮ, ನಿನ್ನ ಓದು ಚಲೋ ಐತಿ. ಅಲ್ಲಿ ನಿಂತು ನೀನ ಪಾಠ ಓದಬೇಕು” ಎಂದರು. ಅದನ್ನು ಬಹುಮಾನ ಕೊಟ್ಟವರ ಹಾಗೆ ಹೇಳಿದರು.

ಮರುದಿನ ಸಾಲು ಹೊರಟಿತು. ಮುಂದೆ ಮೇಷ್ಟ್ರು, ಹಿಂದೆ ನಾವು. ಹುಡುಗರಿಗೆ ಜಾತ್ರೆಗೆ ಹೊರಟ ಖುಷಿ. ಸಾವ್ಕಾರನ ಮಗಳು ಗುರುಬಸಮ್ಮ ನಮ್ಮ ಕ್ಲಾಸೇ. ಕೇರಿ ಇನ್ನೂ ದೂರ ಇರುವಾಗಲೇ ಮೂಗಿಗೆ ಕರ್ಚೀಫು ಹಿಡಿದಳು. ಕರ್ಚೀಫಿನ ಮೇಲೆ ಗುಲಾಬಿ ಹೂವಿನ ಕಸೂತಿ ಇತ್ತು. ನನ್ನ ಮನೆಗೆ ನಾನೇ ಇವರನ್ನು ಕರೆದೊಯ್ಯುತ್ತಿದ್ದೆ.

ಉಚ್ಚೆಂಗೆಮ್ಮ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದಳು.

“ಯಾರ ದಿಬ್ಬಣಪಾ ಇದು? ಬರ್ರಿ, ಬರ್ರಿ. ಗಂಗಕ್ಕನ ಮನಿ ನೋಡಾಕ ಬಂದೀರೇನು? ಬಿಸಿಲಾಗ ಬಂದೀರಿ, ನೀರು ಕುಡೀರಿ” ಎಂದು ಚೊಂಬು ಎತ್ತಿದಳು.

“ಬ್ಯಾಡಮ್ಮ, ಈಗ ಕುಡದು ಬಂದೀವಿ” ಎಂದರು ಮೇಷ್ಟ್ರು. ಇಡೀ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

“ನೋಡಾಕ ಆತು, ಮೂಸಾಕ ಆತು. ಕುಡ್ಯಾಕ ಮಾತ್ರ ಆಗಂಗಿಲ್ಲ” ಎಂದು ಮುದುಕಿ ಮತ್ತೆ ಕುಟ್ಟತೊಡಗಿದಳು.

ಮೇಷ್ಟ್ರು ನಮ್ಮ ಮನೆ ಮುಂದೆ ನಿಂತರು. ಕೋಲಿನಿಂದ ತೋರಿಸಿದರು. ಇದು ಮಡು. ಇದು ಹಂದಿ. ಇದು ಗಾಳಿ ಬೆಳಕಿಲ್ಲದ ಮನೆ. ಒಬ್ಬ ಹುಡುಗ ಬಗ್ಗಿ ನಮ್ಮ ಬಾಗಿಲೊಳಗೆ ಇಣುಕಿದ. ಅಲ್ಲಿ ನನ್ನ ಇನ್ನೊಂದು ಲಂಗ ಹಗ್ಗದ ಮೇಲೆ ಒಣಗುತ್ತಿತ್ತು. ಅವನು ಕಿಸಕ್ಕನೆ ನಕ್ಕ. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನಿಸಿತು. ನೆಲ ಬಾಯಿ ಬಿಡಲಿಲ್ಲ. ನಾನೇ ಬಿಡಬೇಕಾಯಿತು.

“ದುರುಗಮ್ಮ, ಓದು. ‘ಅಶುಚಿಯಾದ ಮನೆ’ ಅಲ್ಲಿಂದ.”

ಅಂಟಿಸಿದ ಪುಟ ಬಿಡಿಸಿದೆ. ಅನ್ನದ ಅಗುಳು ಒಣಗಿತ್ತು, ಮೂಲೆ ಹರಿಯಿತು. ಸಾಲು ಕಣ್ಣ ಮುಂದಿತ್ತು. ಓದಿದರೆ ಉಚ್ಚೆಂಗೆಮ್ಮ ಕೇಳುತ್ತಾಳೆ. ಉಚ್ಚೆಂಗೆಮ್ಮ ಕೇಳಿದರೆ ಸಂಜೆಯೊಳಗೆ ಅವ್ವ ಕೇಳುತ್ತಾಳೆ. ನಾನು ಪುಟದ ಕೆಳಗೆ, ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದ್ದ ಭಾಗಕ್ಕೆ ಕಣ್ಣು ಇಳಿಸಿ ಗಟ್ಟಿಯಾಗಿ ಓದಿದೆ.

“ಮಾಡಿ ನೋಡಿ. ನಿಮ್ಮ ಊರಿನ ಒಂದು ಚರಂಡಿಯನ್ನು ಆರಿಸಿಕೊಳ್ಳಿ. ಅದರ ನೀರು ಎಲ್ಲಿಂದ ಬರುತ್ತದೆ? ಹರಿವಿನ ಎದುರಿಗೆ ನಡೆದು ಕಂಡುಹಿಡಿಯಿರಿ.”

“ಅದು ಬ್ಯಾಡ. ಪರೀಕ್ಷಿಗೆ ಬರಂಗಿಲ್ಲ. ಮ್ಯಾಲಿಂದ ಓದು.”

“ನಾ ಓದಂಗಿಲ್ಲ ಸಾರ್.”

“ಏನಂದಿ?”

“ಮ್ಯಾಲಿಂದು ಓದಂಗಿಲ್ಲ. ಇದು ಮಾಡೂನು. ಇದೂ ಪುಸ್ತಕದಾಗ ಐತಿ ಸಾರ್.”

ಪುಸ್ತಕದಲ್ಲಿ ಇರುವುದನ್ನು ಇಲ್ಲ ಎನ್ನುವುದು ಮೇಷ್ಟ್ರಿಗೆ ಅಭ್ಯಾಸವಿರಲಿಲ್ಲ. ಅವರು ಇನ್ನೂ ಯೋಚಿಸುತ್ತಿರುವಾಗಲೇ ಹಿಂದಿನ ಹುಡುಗರು “ಹೋ!” ಎಂದು ಚರಂಡಿಯ ಗುಂಟ ಓಡಿದ್ದರು. ಎದುರಿಗೆ ನಡೆಯಿರಿ ಎಂದು ಯಾವ ಪುಸ್ತಕವೂ ಅವರಿಗೆ ಈವರೆಗೆ ಹೇಳಿರಲಿಲ್ಲ. ಮೇಷ್ಟ್ರು ಪಂಚೆ ಎತ್ತಿಕೊಂಡು ಹಿಂದೆ ಓಡಿದರು. “ಲೇ, ನಿಲ್ರಲೇ! ಸಾಲಾಗಿ ಹೋಗ್ರಲೇ!”

ಚರಂಡಿ ಕೇರಿ ದಾಟಿತು, ಜಾಲಿ ಗಿಡಗಳ ಸಂದಿಯಲ್ಲಿ ತಿರುಗಿತು, ಒಂದು ಉದ್ದ ಗೋಡೆಗೆ ಬಂದು ಮುಟ್ಟಿತು. ಗೋಡೆಯಲ್ಲಿ ಕೊಳವೆ. ಕೊಳವೆಯಿಂದ ಹಳೆಯ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರೂ ಮೇಲೆ ನೋಡಿದರು. ಗುರುಬಸಮ್ಮ ಕರ್ಚೀಫು ಮೂಗಿನಿಂದ ತೆಗೆದಳು.

“ಇದು ನಮ್ಮ ಮಿಲ್ಲು!” ಎಂದಳು. ಪಾಪ, ಬಾಯಿ ತಪ್ಪಿ ಬಂತು.

ಹುಡುಗರು ಗೇಟಿನಿಂದ ಒಳಗೆ ನುಗ್ಗಿದರು. ಭತ್ತ ತಿರುವುತ್ತಿದ್ದ ಹೆಂಗಸರು ನಿಂತು ನೋಡಿದರು. ಅವ್ವ ಆಗಷ್ಟೇ ಬಿರಡೆ ಕೀಳಲು ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಿದ್ದಳು. ಮೇಷ್ಟ್ರನ್ನು ಕಂಡು ಅವಳ ಮುಖ ಮತ್ತೆ ಹಾಗೆ ಅರಳಿತು.

“ಬರ್ರಿ ಸಾರ್! ನಮ್ಮನಿ ನೋಡಿದ್ರೇನು? ಪುಸ್ತಕದಾಗ ಐತಲ್ರಿ. ಇವರಿಗೆ ಹೇಳಿದ್ರ ನಂಬಂಗಿಲ್ರಿ. ಏನ್ ಬರದಾರ ನೀವ ಒಂದೀಟು ಓದಿ ಹೇಳ್ರಿ, ಎಲ್ಲಾರೂ ಕೇಳ್ಲಿ.”

ಹೆಂಗಸರೆಲ್ಲ ಹತ್ತಿರ ಬಂದರು. ಮೇಷ್ಟ್ರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಅಂದು ಮೊದಲ ಸಲ ನನ್ನ ಕೈಯಿಂದ ನೇರ ತೆಗೆದುಕೊಂಡರು. ಪುಟ ನೋಡಿದರು. ಅವ್ವನನ್ನು ನೋಡಿದರು. ಮೊಣಕಾಲವರೆಗೆ ಕೊಳಚೆಯಲ್ಲಿ ನಿಂತು, ತಲೆ ಎತ್ತಿ, ತನ್ನ ಮನೆಯ ವರ್ಣನೆ ಕೇಳಲು ಕಾಯುತ್ತಿದ್ದ ಹೆಂಗಸು. ಮೇಷ್ಟ್ರು ಮತ್ತೆ ಪುಟಕ್ಕೆ ಕಣ್ಣಿಳಿಸಿದರು. ವರ್ಷ ವರ್ಷ ಬಾಯಿಪಾಠ ಮಾಡಿಸಿದ ಸಾಲು ಅದು.

“ಓದ್ರಿ ಸಾರ್.”

“ಕನ್ನಡಕ ತಂದಿಲ್ಲಮ್ಮ” ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು.

ಅವ್ವ ನನ್ನ ಕಡೆ ತಿರುಗಿದಳು. ಅವಳು ಓದದವಳು, ದಡ್ಡಳಲ್ಲ. ಮುಖಗಳನ್ನು ಚೆನ್ನಾಗಿ ಓದುತ್ತಿದ್ದಳು. “ದುರುಗಿ, ನೀ ಹೇಳು” ಎಂದಳು.

ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಶುಚಿತ್ವದ ಅರಿವಿಲ್ಲ. ಸೋಮಾರಿತನ. ಊರಿಗೆ ರೋಗ. ಹೇಳುತ್ತ ಅತ್ತುಬಿಟ್ಟೆ.

ಅವ್ವ ಅಳಲಿಲ್ಲ. ತನ್ನ ಕಾಲು ನೋಡಿಕೊಂಡಳು. ಗುಂಡಿ ನೋಡಿದಳು. ಗೋಡೆಯ ಕೊಳವೆ ನೋಡಿದಳು.

“ಚಿತ್ರದಾಗ ಈ ಕೊಳವಿ ಐತೇನು?”

“ಇಲ್ಲವ್ವಾ.”

“ಈ ಗ್ವಾಡಿ? ಮಿಲ್ಲು?”

“ಇಲ್ಲ.”

“ಹಂದಿ ಕಂಡೈತಿ ಮುಂಡೇಗಂಡಗ. ಇಷ್ಟ್ ದೊಡ್ಡ ಮಿಲ್ಲು ಕಂಡಿಲ್ಲ” ಎಂದಳು. ಹೆಂಗಸರು ಗೊಳ್ಳೆಂದು ನಕ್ಕರು. ಅವ್ವ ನಗಲಿಲ್ಲ. ಬಿರಡೆಯ ಮೇಲಿಂದ ಕೈ ತೆಗೆದು ಗುಂಡಿಯಿಂದ ಮೇಲೆ ಹತ್ತಿದಳು. ಕಟ್ಟೆಯ ಮೇಲೆ ಕುಳಿತಳು.

ಗದ್ದಲ ಕೇಳಿ ಸಾವ್ಕಾರ ಹೊರಗೆ ಬಂದ. ನಮ್ಮ ಶಾಲೆಯ ಕಮಿಟಿಗೂ ಅವನೇ ದೊಡ್ಡವನು. “ಏನ್ ಮೇಷ್ಟ್ರೇ ಇದು? ಸಾಲಿ ಹುಡುಗರು ಇಲ್ಲಿ ಯಾಕ?”

ಮೇಷ್ಟ್ರು ಕೈ ಮುಗಿಯಹೋದರು. ಕೈಯಲ್ಲಿ ನನ್ನ ರಟ್ಟಿಲ್ಲದ ಪುಸ್ತಕ. ಅದನ್ನೇ ಎದೆಗೆ ಹಿಡಿದುಕೊಂಡು, “ಪುಸ್ತಕದಾಗ ಐತ್ರಿ” ಎಂದರು. ಆ ಮಾತು ಅವರ ಬಾಯಿಂದ ನನಗೆ ಮೊದಲ ಸಲ ಇಷ್ಟವಾಯಿತು.

“ಗಂಗಿ, ಯಾಕ ಕುಂತಿ? ಬಿರಡಿ ತೆಗಿ. ನೆಲ್ಲು ಕೆಡ್ತೈತಿ.”

“ಕೆಡ್ಲಿ ಬಿಡ್ರಿ. ನಾ ತೆಗ್ಯಂಗಿಲ್ಲ.”

“ಏನ್ ಸೊಕ್ಕು! ನಾಳಿಯಿಂದ ಕೆಲಸಕ್ಕ ಬರಬ್ಯಾಡ.”

“ನಾಳಿ ಯಾಕ, ಇವತ್ತ ಬಿಟ್ಟೆ. ನೀವ ಇಳೀರಿ ಗುಂಡಿಗೆ. ನನ್ನ ಕೈಲೆ ನನ್ನ ಮನಿ ಮುಂದ ಹೊಲಸು ಬಿಡಿಸಿ, ನನ್ನ ಸೋಮಾರಿ ಅಂತ ಬರೀತೀರಿ. ಸೋಮಾರಿ ಹೆಂಗ ಕುಂದರ್ತಾಳ ನೋಡ್ರಿ ಈಗ.”

ಕಾಲು ಚಾಚಿ ಕುಳಿತಳು. ಒಬ್ಬೊಬ್ಬರಾಗಿ ಕೇರಿಯ ಹೆಂಗಸರೆಲ್ಲ ಭತ್ತ ಬಿಟ್ಟು ಬಂದು ಸಾಲಾಗಿ ಅವಳ ಪಕ್ಕ ಕಾಲು ಚಾಚಿದರು. ಸಾವ್ಕಾರ ಕೂಗಾಡಿದ. ಗಾಡಿ ಹೊಡೆಯುವವನಿಗೆ ಗುಂಡಿಗೆ ಇಳಿ ಎಂದ. ಅವನು, “ಅದು ಅವರ ಗುಂಡಿರಿ, ನಾ ಇಳದ್ರ ನಮ್ಮ ಜನ ಸೇರಿಸಂಗಿಲ್ಲ” ಎಂದು ಜಾರಿಕೊಂಡ. ಬಾಯ್ಲರ್ ನೋಡುವವನೂ ಅದೇ ಮಾತು. ನಮ್ಮನ್ನು ಆ ಗುಂಡಿಗೆ ಇಳಿಸಿದ ವಾಡಿಕೆ ಅಂದು ಸಾವ್ಕಾರನ ಕಾಲಿಗೇ ತೊಡರಿತು. ನನಗೆ ಆದ ಖುಷಿ ಇವತ್ತಿಗೂ ಇಳಿದಿಲ್ಲ.

ತೊಟ್ಟಿಯ ಭತ್ತ ಅಂದು ಹುಳಿಯಿತು, ಮರುದಿನ ಕೊಳೆಯಿತು. ಸಾವ್ಕಾರನ ಮನೆ ಮಿಲ್ಲಿನ ಮುಂಭಾಗದಲ್ಲೇ ಇತ್ತು. ಮನೆಯವರಿಗೆ ಊಟ ಸೇರಲಿಲ್ಲವಂತೆ. ಗುರುಬಸಮ್ಮ ಕರ್ಚೀಫು ಹಿಡಿದುಕೊಂಡೇ ಶಾಲೆಗೆ ಬಂದಳು. ನಾನು ಅವಳಿಗೆ ಏನೂ ಅನ್ನಲಿಲ್ಲ. ಆದರೆ ಅವಳ ಮುಂದೆ ಎರಡು ಸಲ ಮೂಗು ಹಿಡಿದುಕೊಂಡು ಓಡಾಡಿದೆ, ಅಷ್ಟೇ.

ಕೊನೆಗೆ ಸಾವ್ಕಾರನೇ ಆಳು ಹಚ್ಚಿ ಕೇರಿಯ ಕಡೆಯ ಕೊಳವೆಗೆ ಸಿಮೆಂಟು ಮೆತ್ತಿಸಿದ. ಮಿಲ್ಲಿನ ಪಕ್ಕದ ತನ್ನದೇ ಬೀಳು ಜಾಗಕ್ಕೆ ಕಾಲುವೆ ತೋಡಿಸಿದ. ನೀರು ತಗ್ಗಿಗೇ ಹರಿಯಿತು. ತಗ್ಗನ್ನು ತೋಡಬಹುದು ಎಂಬುದು ಅವನಿಗೆ ಮೊದಲೇ ಗೊತ್ತಿತ್ತು, ಅವನ ಕೈಲಿ ಯಾರೂ ತೋಡಿಸಿರಲಿಲ್ಲ. ಕೇರಿಯ ಹೆಂಗಸರನ್ನು ವಾಪಸು ಕರೆದ. ಅವ್ವ ಹೋದಳು, ಭತ್ತ ತಿರುವಿದಳು. ಗುಂಡಿಗೆ ಮಾತ್ರ ಇಳಿಯಲಿಲ್ಲ. ಬಿರಡೆಗೆ ಮೇಲಿನಿಂದ ಎಳೆಯುವ ಸರಪಳಿ ಬಂತು. ಸರಪಳಿ ಎಳೆಯಲು ಯಾವ ಜಾತಿಯೂ ಅಡ್ಡ ಬರಲಿಲ್ಲ.

ಮೇಷ್ಟ್ರು ಪುಸ್ತಕ ವಾಪಸು ಕೊಟ್ಟರು. ಕೈಗೇ ಕೊಟ್ಟರು. ಆ ಪಾಠ ಮುಗಿಯಿತು ಎಂದರು, ಮುಂದಿನ ಪಾಠಕ್ಕೆ ಹೋದರು. ಅದರ ಕೊನೆಯಲ್ಲಿ ‘ಮಾಡಿ ನೋಡಿ’ ಬಂದಾಗ ಕಣ್ಣು ನನ್ನ ಕಡೆ ಹೊರಳಿತು. ಹೊಡೆದು ಹಾಕಿ ಎನ್ನಲಿಲ್ಲ. ಮಾಡಿಸಲೂ ಇಲ್ಲ.

ಕೊಳವೆ ಮುಚ್ಚಿದ ಮುಂದಿನ ವಾರ, ಭಾನುವಾರ, ನಮ್ಮ ಮನೆ ಮುಂದಿನ ಮಡು ಒಣಗಿ ಬಿರುಕು ಬಿಟ್ಟಿತ್ತು. ಚಿನ್ನಪ್ಪನ ಹಂದಿ ಬಂದು ನೀರು ಹುಡುಕಿ, ಬೇಜಾರಾಗಿ ಹೊರಟುಹೋಯಿತು. ಅವ್ವ ಹಗ್ಗದ ಮಂಚದ ಮೇಲೆ ಕುಳಿತು, “ಆ ಪುಸ್ತಕ ತಾ. ಪೆನ್ನೂ ತಾ” ಎಂದಳು.

ತಂದುಕೊಟ್ಟೆ. ಅವಳು ಚಿತ್ರದ ಮೇಲೆ ಬೆರಳಿಟ್ಟಳು. “ಇಲ್ಲಿಂದ ಒಂದು ಚರಂಡಿ ಎಳಿ. ಹಾಂ. ಗ್ವಾಡಿ ಬರಿ. ಕೊಳವಿ ಬರಿ. ಮಿಲ್ಲು ಬರಿ.”

“ಜಾಗ ಇಲ್ಲವ್ವಾ. ಪಕ್ಕದಾಗ ಶುಚಿಯಾದ ಮನೆ ಐತಿ.”

“ಅದರ ಮ್ಯಾಲ ಬರಿ.”

ಬರೆದೆ. ಮಿಲ್ಲು ದೊಡ್ಡದು, ತುಳಸಿಕಟ್ಟೆ ಮುಳುಗಿತು. ಪೇಪರ್ ಓದುವ ಅಪ್ಪನೂ ಮುಳುಗಿದ.

“ಈಗ ನಮ್ಮನಿ ಕೆಳಗ ಬರದಾರಲ್ಲ, ಅದನ್ನ ಹೊಡದು ಹಾಕು. ಗಂಗಕ್ಕನ ಮನಿ ಅಂತ ಬರಿ.”

ಬರೆದೆ. ಎಲ್ಲಿ ಬರೆದಿದ್ದೇನೆಂದು ಕೇಳಿ, ಆ ಅಕ್ಷರಗಳ ಮೇಲೆ ಬೆರಳು ಆಡಿಸಿದಳು. ಆಮೇಲೆ ಬೆರಳು ಕೊಳವೆಯ ಕಡೆ ಸರಿಯಿತು.

“ಇಲ್ಲಿ ಸಾವ್ಕಾರನ ಹೆಸರು ಬರಿ. ನಾವಷ್ಟ ಯಾಕ ಪುಸ್ತಕದಾಗ ಇರಬೇಕು? ಅವರೂ ಇರ್ಲಿ.”